ನೀರುನಾಯಿಯಜ್ಜಿಯ ಎರಡು ಗಾಳದ ಕೋಲುಗಳು

ಕೆರೆಯೊಂದು ಹೆಪ್ಪುಗಟ್ಟಿ ಕಲ್ಲಿನಂತಾಗಿತ್ತು; ನಂಬದವರು ಆ ಕೆರೆಯನ್ನೇ ಕೇಳಿಕೊಳ್ಳಬಹುದು. ಮೂರು ದಿನದಿಂದ ಉಪವಾಸವಿದ್ದ ನೀರುನಾಯಿಯಜ್ಜಿ ಮಂಜುಗಡ್ಡೆಯಲ್ಲಿ ತೂತು ಕೊರೆದು, ಉಳಿದಿದ್ದ ಮೂರೇ ಹುಳುಗಳನ್ನು ಪಕ್ಕಕ್ಕಿಟ್ಟುಕೊಂಡು, ತನ್ನ ಎರಡು ಗಾಳದ ಕೋಲುಗಳನ್ನು ಕೇಳಿತು: “ನಿಮ್ಮಲ್ಲಿ ಯಾರನ್ನು ಹಿಡಿಯಲಿ?”

“ನನ್ನನ್ನು ಹಿಡಿ ಅಜ್ಜಿ,” ಎಂದಿತು ದಪ್ಪ ಕೋಲು. “ಮೊಸಳೆ ಎಳೆದರೂ ನಾನು ಬಗ್ಗುವವನಲ್ಲ.”

“ನಾನು ನೊಣ ಕೂತರೂ ಬಗ್ಗುತ್ತೇನೆ,” ಎಂದು ಸಣ್ಣ ಕೋಲು ಸಂಕೋಚದಿಂದ ಒಪ್ಪಿಕೊಂಡಿತು.

ಅಜ್ಜಿ ದಪ್ಪ ಕೋಲನ್ನೇ ಹಿಡಿಯಿತು. ಎಷ್ಟು ಹೊತ್ತಾದರೂ ಅದು ಮಿಸುಕಲಿಲ್ಲ. ಎತ್ತಿ ನೋಡಿದರೆ ಗಾಳದಲ್ಲಿ ಹುಳುವೇ ಇಲ್ಲ. ಎರಡನೆಯ ಹುಳುವಿನ ಗತಿಯೂ ಅದೇ ಆಯಿತು.

“ಯಾರು ಬಂದಿದ್ದರೋ?”

“ಯಾರೂ ಬಂದಿಲ್ಲ ಅಜ್ಜಿ. ಬಂದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ?”

“ಮತ್ತೆ ಹುಳು?”

“ಕಾದು ಕಾದು ಬೇಜಾರಾಗಿ ಎದ್ದು ಹೋಗಿರಬೇಕು.”

ಕೊನೆಯ ಹುಳುವನ್ನು ಅಜ್ಜಿ ಸಣ್ಣ ಕೋಲಿಗೆ ಕೊಟ್ಟಿತು. ಹುಳುವಿನ ಭಾರಕ್ಕೇ ಬಾಗಿದ್ದ ಅದರ ತುದಿ, ಸ್ವಲ್ಪ ಹೊತ್ತಿಗೆ ಕೂದಲೆಳೆಯಷ್ಟು ಮೇಲಕ್ಕೆದ್ದಿತು.

“ಅಜ್ಜಿ, ನನ್ನ ಭಾರ ಇಳಿಯಿತಲ್ಲ, ಯಾಕೆ?”

“ಮೀನು ಬಂದರೆ ಭಾರ ಏರುತ್ತದೋ ಪೆದ್ದೇ, ಇಳಿಯುತ್ತದೋ?” ಎಂದು ದಪ್ಪ ಕೋಲು ನಕ್ಕಿತು.

“ಕೆಳಗಿನಿಂದ ಯಾರೋ ಹುಳುವನ್ನು ಬಾಯಲ್ಲಿ ಎತ್ತಿಕೊಂಡಿದ್ದಾರೆ,” ಎಂದ ಅಜ್ಜಿ ಥಟ್ಟನೆ ಸೆಳೆಯಿತು. ಅಂಗೈಯಗಲದ ಮೀನೊಂದು ಮೇಲೆ ಬಂದು ಬಿತ್ತು.

“ಅನ್ಯಾಯ! ನಾನು ಕಚ್ಚಲೇ ಇಲ್ಲ, ಬರೀ ರುಚಿ ನೋಡುತ್ತಿದ್ದೆ!” ಎಂದು ಮೀನು ಕೂಗಿತು.

“ಕೇಳಿದೆಯಾ ಅಜ್ಜಿ?” ಎಂದಿತು ದಪ್ಪ ಕೋಲು. “ಕಚ್ಚಿಲ್ಲ ಅಂತ ಮೀನೇ ಹೇಳುತ್ತಿದೆ!”

ಅಷ್ಟರಲ್ಲಿ ಮೀನು ಅಜ್ಜಿಯ ಬಾಯಿ ಸೇರಿಯಾಗಿತ್ತು.