ಅರಿಶಿನ ಹಚ್ಚದ ಕಾಗದ

"ಗುರುಗಳೇ, ಬರೆದವರ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು?" ಎಂದು ಶಿಷ್ಯ ನೀಲಕಂಠ ಕೇಳಿದ.

ಅವನ ಕೈಯಲ್ಲಿ ಒಂದು ನವ್ಯ ಕಾದಂಬರಿ ಇತ್ತು. ಅದರ ಮೂರೇ ಮೂರು ವಾಕ್ಯಗಳನ್ನು ಹದಿನೈದು ದಿನದಿಂದ ಓದುತ್ತಿದ್ದ. 'ಅವಳು ಎರಡು ಲೋಟ ಕಾಫಿ ತಂದಿಟ್ಟಳು. ಎರಡರ ಮೇಲೂ ಕೆನೆ ಕಟ್ಟಿತು. ಯಾರೂ ಬರಲಿಲ್ಲ ಎಂದು ಸಂಜೆ ಗಂಡನಿಗೆ ಹೇಳಿದಳು.' ಇವಳು ಸುಳ್ಳುಗಾತಿ ಎಂಬುದು ನೀಲಕಂಠನ ತೀರ್ಮಾನ. ಯಾರೋ ಬಂದು ಹೋಗಿದ್ದಾನೆ, ಕಾದಂಬರಿಕಾರ ಅವನನ್ನು ಮುಚ್ಚಿಟ್ಟಿದ್ದಾನೆ, ಇನ್ನೊಂದು ಸಲ ಓದಿದರೆ ಸಿಕ್ಕಿಬೀಳುತ್ತಾನೆ ಎಂದ.

ಗುರುಗಳು ಕನ್ನಡಕ ತೆಗೆದಿಟ್ಟು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಮೂಟೆಯ ತಳದಿಂದ ಹಿಡಿ ಅಕ್ಕಿ ತೆಗೆದು ನೋಡದೆ ಕೊಳ್ಳುವವನಲ್ಲ. ವ್ಯಾಪಾರಕ್ಕೆ ಅದು ಬೇಕು, ತಪ್ಪಲ್ಲ. ಅವನು ದೂರದ ಊರಿನಲ್ಲಿದ್ದಾಗ ಹೆಂಡತಿಯ ಕಾಗದ ಬಂತು. 'ಅತ್ತೆ ನಿಮ್ಮನ್ನು ಕೇಳುತ್ತಿರುತ್ತಾರೆ. ಹಿತ್ತಿಲ ಬಾಗಿಲನ್ನು ಅಗಲ ಮಾಡಿಸಿದೆ. ಬಿಡುವಾದರೆ ಬನ್ನಿ.' ಅಷ್ಟೇ.

ಶುಭದ ಕಾಗದವಾದರೆ ಮೂಲೆಗೆ ಅರಿಶಿನ ಹಚ್ಚುವುದು, ಸಾವಿನ ಕಾಗದವಾದರೆ ಮಸಿ ಬಳಿಯುವುದು ಆ ಕಾಲದ ರೂಢಿ. ಇದರ ಮೂಲೆ ಬರಿದಾಗಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಇವನಿಗೆ ಹಳದಿ ಇಲ್ಲದಿರುವುದೇ ಚುಚ್ಚಿತು. ಎಂದೂ ಅರಿಶಿನ ಮರೆಯದವಳು ಈಗೇಕೆ ಮರೆತಳು? ಯಾರಿಗೂ ತಿಳಿಯದಂತೆ ಅವಸರದಲ್ಲಿ ಬರೆದಳೇ? ಹಿತ್ತಿಲ ಬಾಗಿಲಿನಿಂದ ಒಳಗೆ ಬರುವವನು ಯಾರು? ಬಿಡುವಾದರೆ ಎಂದರೆ ಬರಬೇಡಿ ಎಂದೇ ಅಲ್ಲವೇ?

ಅವನು ಹೊರಟ, ಆದರೆ ಮನೆಗೆ ಹೋಗಲಿಲ್ಲ. ಪಕ್ಕದ ಊರಿನ ಛತ್ರದಲ್ಲಿ ಎಂಟು ದಿನ ಕೂತು, ತನ್ನ ಮನೆಯ ಸಂಗತಿಯನ್ನು ಪರರ ಹತ್ತಿರ ಬಳಸಿ ಬಳಸಿ ವಿಚಾರಿಸಿದ. ಒಂಬತ್ತನೆಯ ದಿನ ಆ ಬಾಗಿಲು ಮಾಡಿದ ಬಡಗಿಯೇ ಸಿಕ್ಕಿದ.

"ಹಳೇ ಬಾಗಿಲಲ್ಲಿ ನಿಮ್ಮವ್ವನ ಮಂಚ ಹಿಡೀತಿರಲಿಲ್ಲ ಸ್ವಾಮಿ," ಎಂದ ಬಡಗಿ. "ಎದ್ದು ಓಡಾಡೋ ಹಾಗಿಲ್ಲ, ಮಂಚದ ಸಮೇತ ಬಿಸಿಲಿಗೆ ತರಬೇಕು ಅಂತ ಅಮ್ಮಾವ್ರು ಅಗಲ ಮಾಡಿಸಿದ್ರು."

ವ್ಯಾಪಾರಿ ಓಡಿದ. ಹಿತ್ತಿಲಲ್ಲಿ ತೊಳೆದ ಮಂಚ ಒಣಗುತ್ತಿತ್ತು. ಮುದುಕಿ ಹಿಂದಿನ ದಿನವೇ ಹೋಗಿದ್ದಳು, ದಾಯಾದಿಯ ಮಗ ಕೊಳ್ಳಿ ಇಟ್ಟಿದ್ದ. ಮಸಿ ಬಳಿದ ಕಾಗದ ಇವನು ಬಿಟ್ಟುಬಂದ ಊರಿನ ದಾರಿ ಹಿಡಿದಿತ್ತು. ಕಾಯಿಲೆ ಎಂದು ಬರೆದು ಮಗನನ್ನು ಹೆದರಿಸಕೂಡದೆಂದು ಮುದುಕಿ ಸೊಸೆಯಿಂದ ಆಣೆ ಮಾಡಿಸಿಕೊಂಡಿದ್ದಳಂತೆ. ಸೊಸೆ ಆಣೆ ಮುರಿಯಲಿಲ್ಲ. ಅರಿಶಿನ ಹಚ್ಚಲು ಕೈ ಏಳಲಿಲ್ಲ. ಜೀವ ಇರುವಾಗ ಮಸಿ ಬಳಿಯುವಂತೆಯೂ ಇರಲಿಲ್ಲ.

"ನನ್ನ ಕಾಗದ ತಲುಪಲಿಲ್ಲವೇ?" ಎಂದು ಹೆಂಡತಿ ಕೇಳಿದಳು.

"ತಲುಪಿತು," ಎಂದ ವ್ಯಾಪಾರಿ. "ನೂರು ಸಲ ಓದಿದೆ."

ಗುರುಗಳು ಕತೆ ನಿಲ್ಲಿಸಿದರು. ಹಾಗಾದರೆ ಓದುವವನು ಸಂಶಯವನ್ನೇ ಪಡಬಾರದೇ ಎಂದು ನೀಲಕಂಠ ಸ್ವಲ್ಪ ಬಿಗುವಿನಿಂದಲೇ ಕೇಳಿದ. ಧಾರಾಳವಾಗಿ ಪಡು ಎಂದು ಗುರುಗಳು ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು, ಪುಸ್ತಕವನ್ನು ಅವನ ಕಡೆ ತಿರುಗಿಸಿದರು.

"ಎರಡು ಲೋಟದ ಮೇಲೂ ಕೆನೆ ಕಟ್ಟಿತು ಅಂತ ಇದೆಯಲ್ಲಪ್ಪ, ಆಕೆ ಎಷ್ಟು ಹೊತ್ತು ಕಾದಿದ್ದಳು?"