ಎರಡು ಹಣ್ಣಿನ ಬಣ್ಣ

ಹೊಳೆದಂಡೆಯ ಆಶ್ರಮದಲ್ಲಿ ಚಿಕ್ಕದೊಂದು ಮುದ್ರಣಾಲಯವಿತ್ತು. ಅದನ್ನು ನಡೆಸುತ್ತಿದ್ದವರು ಗುರು ನಿರ್ವಾಣಯ್ಯನವರು. ಅವರ ಶಿಷ್ಯೆ ಮೇದಿನಿಗೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕೆಲಸ.

ಆ ವರ್ಷ ಕಾಡಂಚಿನಲ್ಲಿ ಆದಿವಾಸಿಗಳು ವಾಸಿಸುವ ಹಾಡಿಯ ಮಗುವೊಂದು ವಿಷದ ಹಣ್ಣು ತಿಂದು, ಹೇಗೋ ಬದುಕಿಕೊಂಡಿತು. ತಿನ್ನುವ ಹಣ್ಣು ನೇರಳೆ ಬಣ್ಣದ್ದು, ವಿಷದ್ದು ನೀಲಿ. ಎರಡನ್ನೂ ಅಕ್ಕಪಕ್ಕ ತೋರಿಸುವ ಚಿತ್ರಪಟವೊಂದನ್ನು ಮಾಡಲು ಗುರುಗಳು ಮೇದಿನಿಗೆ ಹೇಳಿದರು.

ಅವಳು ಮನಸ್ಸಿಟ್ಟು ಬರೆದಳು. ಪರದೆಯ ಮೇಲೆ ನೀಲಿ ಝಗಝಗಿಸಿತು.

ಮೊದಲ ಪ್ರತಿ ಅಚ್ಚಾಗಿ ಬಂತು. ಎರಡು ಹಣ್ಣಿಗೂ ಒಂದೇ ಮಂಕು ನೇರಳೆ.

“ಶಾಯಿ ಸರಿಯಿಲ್ಲ ಗುರುಗಳೇ. ಇಲ್ಲಿ ನೋಡಿ, ನನ್ನ ಚಿತ್ರ ಸರಿಯಾಗಿಯೇ ಇದೆ.”

ಗುರುಗಳು ಕೈಚಾಚಿ ಪರದೆಯನ್ನು ಆರಿಸಿದರು.

“ಈಗ ತೋರಿಸು.”

ಮೇದಿನಿ ಕಪ್ಪಾದ ಪರದೆಯತ್ತ ನೋಡಿದಳು.

ಅವರು ಅಚ್ಚಾದ ಪ್ರತಿಯನ್ನು ಅವಳ ಕೈಗಿತ್ತರು. “ಆ ಮಗುವಿನ ತಾಯಿಗೆ ಇದನ್ನು ತೋರಿಸಿ ಬಾ.”

ಹಾಡಿಯಲ್ಲಿ ಆ ತಾಯಿ ಚಿತ್ರವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಇದರಲ್ಲಿ ತಿನ್ನಬಾರದ್ದು ಯಾವುದು ಅಕ್ಕಾ?”

ಮೇದಿನಿ ತಲೆ ತಗ್ಗಿಸಿಕೊಂಡು ಹಿಂದಿರುಗಿದಳು.

“ತಪ್ಪು ನನ್ನದೇ ಗುರುಗಳೇ. ಪರದೆಯ ಬಣ್ಣ ಬೆಳಕಿನದು, ಅಚ್ಚಿನ ಬಣ್ಣ ಶಾಯಿಯದು. ನಾನು ಪರದೆಗೆ ಹೊಂದುವ ಆರ್‌ಜಿಬಿಯಲ್ಲೇ ಬರೆದು ಅಚ್ಚಿಗೆ ಕೊಟ್ಟುಬಿಟ್ಟೆ.”

“ಅಚ್ಚಿಗೆ ಎಷ್ಟು ಬಣ್ಣದ ಶಾಯಿ?”

“ನಾಲ್ಕು.”

“ಅಷ್ಟರಲ್ಲೇ ಹುಡುಕು.”

ಅವಳು ಚಿತ್ರವನ್ನು ಆ ನಾಲ್ಕು ಶಾಯಿಯ ಲೆಕ್ಕದ ಸಿಎಂವೈಕೆಗೆ ಬದಲಿಸಿದಳು. ನೀಲಿಯ ಹೊಳಪೆಲ್ಲ ಇಳಿದುಹೋಯಿತು. ನೋಡಿ ಅವಳಿಗೆ ಸಂಕಟವಾಯಿತು. ಆದರೂ ಬಿಡಲಿಲ್ಲ. ನೀಲಿಯಲ್ಲಿ ಬೆರೆತಿದ್ದ ಕೆಂಪು ಶಾಯಿಯನ್ನು ತಗ್ಗಿಸಿದಳು, ಕೊಂಚ ಕಪ್ಪು ಸೇರಿಸಿದಳು. ಪ್ರತಿ ಸಲವೂ ಅಚ್ಚು ತೆಗೆದು ಕಿಟಕಿಯ ಬಳಿ ಹಿಡಿದು ನೋಡಿದಳು.

ಕೊನೆಗೆ ಎರಡು ಹಣ್ಣುಗಳೂ ಬೇರೆ ಬೇರೆಯಾಗಿ ಕಂಡವು. ನೀಲಿ ಸಪ್ಪೆಯಾಗಿತ್ತು, ಆದರೆ ನೀಲಿಯೇ ಆಗಿತ್ತು.

ಮತ್ತೆ ಹಾಡಿಗೆ ಹೋದಳು. ಈ ಸಲ ತಾಯಿ ಏನನ್ನೂ ಕೇಳಲಿಲ್ಲ. ಮಗುವನ್ನು ಹತ್ತಿರ ಕರೆದು, ನೀಲಿ ಹಣ್ಣಿನ ಮೇಲೆ ಬೆರಳಿಟ್ಟು, “ಇದನ್ನು ಮುಟ್ಟಬೇಡ” ಎಂದಳು.

ಸಂಜೆ ಮೇದಿನಿ ಗುರುಗಳ ಬಳಿ ಬಂದು ಕೂತಳು. ಮನಸ್ಸಿನಲ್ಲಿ ಇನ್ನೂ ಏನೋ ಉಳಿದಿತ್ತು.

“ಗುರುಗಳೇ, ಮೊದಲು ನಾನು ಬರೆದ ಆ ನೀಲಿ ಸುಳ್ಳೇ?”

“ಸುಳ್ಳೇನಲ್ಲ,” ಎಂದರು ಗುರುಗಳು. “ನಿನ್ನೊಬ್ಬಳಿಗೇ ಕಾಣುತ್ತಿತ್ತು.”