ಜರಡಿ ಹಿಡಿದ ಮಣ್ಣು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕತೆ ಹೇಳಿ ರೂಢಿಯಿಲ್ಲ. ಇದನ್ನು ನಮ್ಮ ಅಜ್ಜಿ ಹೇಳುವಾಗ ಕೇಳುವವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಹೇಳಿದರೆ ನಡುನಡುವೆ ವಿವರಣೆಯೇ ಹೆಚ್ಚಾಗುತ್ತದೆ. ಸಹಿಸಿಕೊಳ್ಳಿ.

ಬಹಳ ಹಿಂದೆ, ಈಗಿನ ಮಸೀದಿ ಅಂಗಳದ ಹುಣಸೆ ಮರ ಇನ್ನೂ ಎರಡೆಲೆಯ ಸಸಿಯಾಗಿದ್ದ ಕಾಲದಲ್ಲಿ, ಎರೆಭೂಮಿಯ ನಮ್ಮ ಈ ಊರಿನಲ್ಲಿ ದಾವಲಬಿ ಎಂಬ ಹೆಂಗಸು ಇದ್ದಳಂತೆ. ಊರಿನ ಮುಸಲ್ಮಾನರ ಮನೆಗಳಲ್ಲಿ ಹೆಂಗಸರು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸುವವಳು ಅವಳೇ. ಆ ಸ್ನಾನಕ್ಕೆ ಗುಸುಲ್ ಎನ್ನುತ್ತಾರೆ. ಅದಾಗದೆ ಕಫನ್ ಬಟ್ಟೆ ಸುತ್ತುವಂತಿಲ್ಲ, ಮಣ್ಣು ಕೊಡುವಂತಿಲ್ಲ. ಗೊತ್ತಿಲ್ಲದವರಿಗಾಗಿ ಇದನ್ನು ಹೇಳಿದೆ, ಗೊತ್ತಿದ್ದವರು ಬೇಸರಿಸಬೇಡಿ.

ದಾವಲಬಿ ಬೋರೆ ಎಲೆ ಹಾಕಿ ನೀರು ಕಾಯಿಸುತ್ತಿದ್ದಳಂತೆ. ಕಾದ ನೀರನ್ನು ಮೊದಲು ತನ್ನ ಮಣಿಕಟ್ಟಿನ ಮೇಲೆ ಸುರಿದು ನೋಡುತ್ತಿದ್ದಳಂತೆ. ಹಸುಗೂಸಿಗೆ ಎರೆಯುವಾಗ ತಾಯಂದಿರು ನೋಡುತ್ತಾರಲ್ಲ, ಹಾಗೆ. ತೀರಿಕೊಂಡವರ ಜೊತೆ ಮಾತೂ ಆಡುತ್ತಿದ್ದಳಂತೆ. ಊರಿಗೆಲ್ಲ ಜಗಳಗಂಟಿಯಾಗಿದ್ದ ಒಬ್ಬ ದಪ್ಪ ಮುದುಕಿಗೆ, “ಜೀವ ಇದ್ದಾಗ ಯಾರ ಮಾತೂ ಕೇಳಲಿಲ್ಲ, ಈಗರ ನನ್ನ ಮಾತು ಕೇಳಿ ಒಂದೀಟು ಹೊರಳು, ಖಾಲಾ,” ಎಂದಳಂತೆ. ಅಳುತ್ತಿದ್ದ ಸೊಸೆಯಂದಿರಿಗೂ ನಗು ತಡೆಯಲಾಗಲಿಲ್ಲವಂತೆ.

ಬೆರಳಿಗೆ ಉಂಗುರ ಬಿಗಿದಿದ್ದರೆ ಏನು, ಗಾಯದ ಪಟ್ಟಿ ಅಂಟಿಕೊಂಡಿದ್ದರೆ ಏನು ಎಂದು ಯಾವ ಸಂದೇಹ ಬಂದರೂ ಅವಳು ಮೌಲ್ವಿ ಬುರ್ಹಾನ್ ಸಾಹೇಬರ ಹತ್ತಿರ ಕೇಳಿಸುತ್ತಿದ್ದಳಂತೆ. ಅವರು ಕಿತಾಬು ನೋಡಿ ಹೇಳಿದ ಮೇಲೆ, ಯಾರು ಎಷ್ಟು ಅತ್ತರೂ ಒಂದು ಹನಿ ಹೆಚ್ಚು ಕಡಿಮೆ ಮಾಡುವವಳಲ್ಲ.

ಒಮ್ಮೆ ಇಮಾಂಬಿ ಎಂಬವಳ ಸಣ್ಣ ಮಗಳು ಸಿಡುಬಿನಲ್ಲಿ ತೀರಿಕೊಂಡಳಂತೆ. ಮೈತುಂಬ ಒಡೆದ ಗುಳ್ಳೆಗಳು. ನೀರು ಬಿದ್ದರೆ ಚರ್ಮವೇ ಕಿತ್ತು ಬರುತ್ತದೆ, ತಯಮ್ಮುಮ್ ಮಾಡಿಸಿ ಎಂದು ಮೌಲ್ವಿಗಳು ಹೇಳಿ ಕಳಿಸಿದರು. ತಯಮ್ಮುಮ್ ಎಂದರೆ, ನೀರಿಲ್ಲದಾಗ ಅಥವಾ ನೀರಿನಿಂದ ಕೇಡಾಗುವಾಗ, ಶುದ್ಧವಾದ ಮಣ್ಣಿಗೆ ಅಂಗೈ ತಾಗಿಸಿ, ಧೂಳು ಕೊಡವಿ, ಮುಖವನ್ನೂ ಕೈಗಳನ್ನೂ ಸವರುವುದು. ಇಮಾಂಬಿ ದಾವಲಬಿಯ ಕಾಲು ಹಿಡಿದಳಂತೆ. ಮಗು ನೀರು ನೀರು ಎನ್ನುತ್ತಲೇ ಸತ್ತಿದೆ, ಒಂದು ಚೊಂಬಾದರೂ ಹಾಕು ಎಂದಳಂತೆ. “ಸಾಹೇಬ್ರು ಹೇಳಿದ ಮ್ಯಾಲೆ ಮುಗೀತು. ಸರಿ ಅತ್ತಾಗ,” ಎಂದು ದಾವಲಬಿ ಅಂಗಳದ ಮಣ್ಣು ಮುಟ್ಟಿ ಕೆಲಸ ಮುಗಿಸಿದಳಂತೆ. ಅವಳು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಇಮಾಂಬಿ ಆಮೇಲೆ ಅವಳ ಮನೆಯ ಮುಂದೆ ಹಾಯಲಿಲ್ಲವಂತೆ.

ದಾವಲಬಿಗೆ ಒಬ್ಬಳೇ ಮಗಳು, ಮಕ್ತುಂಬಿ. ನಿಕಾಹ್ ಗೊತ್ತಾಗಿತ್ತಂತೆ. ಒಂದು ದಿನ ಒಲೆಯ ಬೆಂಕಿ ಸೆರಗಿಗೆ ಹತ್ತಿತು. ಮುಖವೊಂದು ಉಳಿಯಿತಂತೆ, ಮಗಳು ಉಳಿಯಲಿಲ್ಲ.

ದಾವಲಬಿ ತಾನೇ ಹಂಡೆಗೆ ಉರಿ ಹಾಕಿದಳಂತೆ, ತಾನೇ ಬೋರೆ ಎಲೆ ಕಿತ್ತು ತಂದಳಂತೆ. ನೀರು ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಮೌಲ್ವಿಗಳೇ ಬಂದು ಪರದೆಯ ಆಚೆ ನಿಂತು ತಯಮ್ಮುಮ್ ಎಂದರಂತೆ. ಹೆಣ್ಣುಮಗಳ ಮಯ್ಯತ್, ಅಂದರೆ ಶವ, ಇರುವಲ್ಲಿಗೆ ಪರಗಂಡಸರು ಬರುವಂತಿಲ್ಲ, ಅದಕ್ಕೆ ಪರದೆ. ಮಕ್ತುಂಬಿಗೆ ಅಲಿಫ್ ಬೇ ಎಂದು ಅಕ್ಷರ ಕಲಿಸಿದವರು ಅವರೇ.

“ಸಾಹೇಬ್ರ, ಒಂದು ಬೊಗಸಿ?” ಎಂದು ದಾವಲಬಿ ಒಳಗಿನಿಂದ ಕೇಳಿದಳಂತೆ.



“ಬ್ಯಾಡವ್ವ. ತೀರಿಕೊಂಡವರ ಮೈಗೂ ನೋವು ಮಾಡಬಾರದು ಅಂತ ಐತಿ.” ಅವರ ಧ್ವನಿ ಒಡೆದಿತ್ತಂತೆ.

ಪಕ್ಕದಲ್ಲಿದ್ದ ನಾದಿನಿ ದಾವಲಬಿಯ ಕಿವಿಯಲ್ಲಿ ಚುಚ್ಚಿದಳಂತೆ: “ಊರಿಗೆಲ್ಲ ಎರೆದ ಕೈ, ಸ್ವಂತ ಮಗಳನ್ನ ಹಂಗೇ ಕಳಸ್ತದೇನು? ಪರದೆ ಒಳಗ ಯಾರು ನೋಡ್ತಾರ?”

ದಾವಲಬಿ ಚೊಂಬು ತುಂಬಿಕೊಂಡಳು. ರೂಢಿಯಂತೆ ಮಣಿಕಟ್ಟಿನ ಮೇಲೆ ಸುರಿದು ನೋಡಿದಳು. ನೀರು ಹದವಾಗಿತ್ತಂತೆ. ಹೊದಿಸಿದ್ದ ಬಟ್ಟೆಯ ತುದಿ ಎತ್ತಿದಳು. ಬಟ್ಟೆಯ ಜೊತೆಗೆ ಚರ್ಮವೂ ಎದ್ದು ಬಂತಂತೆ. ತುದಿಯನ್ನು ಮೆಲ್ಲಗೆ ಇಳಿಸಿದಳು. ಚೊಂಬನ್ನು ಮಾತ್ರ ಕೆಳಗಿಡಲು ಅವಳ ಕೈಗೆ ಆಗಲಿಲ್ಲವಂತೆ.

ಆಗ ಇಮಾಂಬಿ ಒಳಗೆ ಬಂದಳಂತೆ. ಯಾರೂ ಕರೆದಿರಲಿಲ್ಲ.

“ಅವತ್ತು ನನ್ನ ಕೂಸಿಗೆ ಸಾಕಾದ ಮಣ್ಣು ನಿನ್ನ ಮಗಳಿಗೆ ಸಾಲೂದಿಲ್ಲೇನ, ಅಕ್ಕಾ?”

ಹೆಂಗಸರೆಲ್ಲ ಜಗಳವೇ ಆಯಿತು ಎಂದುಕೊಂಡರಂತೆ. ಆದರೆ ಇಮಾಂಬಿಯ ಸೆರಗಿನ ಮರೆಯಲ್ಲಿ ಒಂದು ಮಣ್ಣಿನ ತಟ್ಟೆ ಇತ್ತು. ತಟ್ಟೆಯಲ್ಲಿ ಹಿಟ್ಟಿನಂತೆ ನುಣುಪಾದ ಮಣ್ಣು. ಮುಖವನ್ನು ತರಚುವ ಒಂದು ಹರಳೂ ಅದರಲ್ಲಿ ಇರಲಿಲ್ಲವಂತೆ.

“ಜರಡಿ ಹಿಡೀಬೇಕು ಅಂತ ಅವತ್ತು ನಿನಗ ಹೊಳೀಲಿಲ್ಲ. ನಾ ಹಿಡಕೊಂಡು ಬಂದೀನಿ.”

ದಾವಲಬಿ ಚೊಂಬು ಕೆಳಗಿಟ್ಟಳಂತೆ. ಮಣ್ಣಿಗೆ ಅಂಗೈ ತಾಗಿಸಿದಳು, ಧೂಳನ್ನು ಊದಿದಳು, ಕೈ ಸೋಕಿತೋ ಇಲ್ಲವೋ ಎನ್ನುವಷ್ಟು ಹಗುರವಾಗಿ ಸವರಿದಳು. ಮಗಳ ಜೊತೆ ಒಂದು ಮಾತೂ ಆಡಲಿಲ್ಲವಂತೆ. ಇಮಾಂಬಿ ತಟ್ಟೆ ಹಿಡಿದುಕೊಂಡೇ ಇದ್ದಳಂತೆ. ಹಂಡೆಯ ನೀರು ತಣ್ಣಗಾದ ಮೇಲೆ ಇಬ್ಬರೂ ಹೊತ್ತುಕೊಂಡು ಹೋಗಿ ಮಸೀದಿಯ ಹುಣಸೆ ಸಸಿಗೆ ಸುರಿದರಂತೆ.

ಆಮೇಲೆ ದಾವಲಬಿ ಯಾವ ಮನೆಗೆ ಹೋದರೂ ಕಂಕುಳಲ್ಲಿ ಜರಡಿ ಇರುತ್ತಿತ್ತಂತೆ. ಈ ಊರಿನಲ್ಲಿ ಈಗಲೂ ಯಾರೇ ತೀರಿಕೊಂಡರೂ ಬಿಸಿನೀರಿನ ಹಂಡೆಯ ಪಕ್ಕದಲ್ಲಿ ಜರಡಿ ಹಿಡಿದ ಮಣ್ಣನ್ನು ಒಂದು ತಟ್ಟೆಯಲ್ಲಿ ಇಡುತ್ತಾರೆ. ಅದು ಬೇಕಾಗುವುದು ಅಪರೂಪ, ನೀರೇ ಸಾಕಾಗುತ್ತದೆ. ಹಾಗಾದರೆ ಯಾಕೆ ಇಡುತ್ತೀರಿ ಎಂದು ಪರ ಊರಿನವರು ಕೇಳುತ್ತಾರೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೌಲ್ವಿಗಳು ಇಬ್ಬರು ತಾಯಂದಿರಿಗೂ ಹೇಳಿದ್ದು ಒಂದೇ ಮಾತು, ಮಣ್ಣೂ ಅದೇ ಊರಿನ ಮಣ್ಣು. ಆದರೆ ಮೊದಲನೇ ಸಲ ದಾವಲಬಿ ಆ ಮಾತನ್ನು ನಡೆಸಿದಾಗ ಅವಳ ಕೈ, ಅಂದರೆ ಕೈ ಅಲ್ಲ, ಅದನ್ನು ಹೇಗೆ ಹೇಳುವುದೆಂದರೆ…

ತಡೆಯಿರಿ, ಹೊರಗೆ ಕರೆಯುತ್ತಿದ್ದಾರೆ. ಮೇಲಿನ ಓಣಿಯವರು. ಅವರ ಮನೆಯ ಮುದುಕಿ ಬಹಳ ದಿನದಿಂದ ಮಲಗಿದ್ದಳು. ಜರಡಿ ನಮ್ಮ ಮನೆಯಲ್ಲೇ ಇರುತ್ತದೆ, ಕೊಟ್ಟು ಬರುತ್ತೇನೆ.